ಮಾಟದ ಬೆಲೆಯನ್ನು ತೆರುವವರು ಯಾರು?

ಅಜ್ಜಿ ಹೇಳುತ್ತಿದ್ದ ಕಥೆಗಳಲ್ಲಿ ಮಾಂತ್ರಿಕನ ಪ್ರಾಣವು ಏಳು ಸಮುದ್ರಗಳಾಚೆಯ ಗಿಳಿಯೊಂದರಲ್ಲಿ ಅಡಗಿರುತ್ತಿತ್ತು. ಇಂದಿನ ಮಾಂತ್ರಿಕನ ಸಂಗತಿ ಇದಕ್ಕೆ ತಿರುಗುಮುರುಗು. ಹಕ್ಕಿಯ ಪ್ರಾಣವೇ ಅವನ ಕೈಯಲ್ಲಿದೆ. ಅವನನ್ನು ಹುಡುಕಲು ಸಮುದ್ರ ದಾಟಬೇಕಾಗಿಲ್ಲ. ಲೋಕಲ್ ಗಾಡಿಯ ಡಬ್ಬಿಯಲ್ಲಿ ತಲೆಯೆತ್ತಿದರೆ ನೌಕರಿ, ಮದುವೆ, ಸಾಲ, ಶತ್ರುಬಾಧೆಗಳಿಗೆಲ್ಲ ಪರಿಹಾರ ಹೇಳುವ 'ಬಾಬಾ'ಗಳ ಚೀಟಿಗಳು ಕಣ್ಣಿಗೆ ಬೀಳುತ್ತವೆ. ಇವರೆಲ್ಲರೂ ಪ್ರಾಣಿಹಿಂಸೆ ಮಾಡುವರೆಂದಲ್ಲ. ಆದರೆ ಮಾಟದಲ್ಲಿ ನಂಬಿಕೆ ಬೆಳೆದಲ್ಲಿ ಮಾಟದ ಸಾಮಗ್ರಿಗೂ ಪೇಟೆ ಬೆಳೆಯುತ್ತದೆ.

ಈ ಪೇಟೆಯಲ್ಲಿ ಹೆಚ್ಚು ಹೆಸರಾದುದು ಮಣ್ಣುಮುಕ್ಕ ಹಾವು. ನಮ್ಮಲ್ಲಿ ಇದನ್ನು ಎರಡು ತಲೆಯ ಹಾವೆಂದೂ ಇಲ್ಲಿನ ಮರಾಠಿಯಲ್ಲಿ ಮಾಂಡೂಳವೆಂದೂ ಕರೆಯುತ್ತಾರೆ. ವಾಸ್ತವವಾಗಿ ಇದಕ್ಕಿರುವುದು ಒಂದೇ ತಲೆ. ಬಾಲವು ಮೊಂಡಾಗಿದ್ದು ತಲೆಯಂತೆ ಕಾಣುತ್ತದೆ. ಅಪಾಯ ಬಂದಾಗ ಹಾವು ತಲೆಯನ್ನು ಮುದುಡಿಕೊಂಡು ಬಾಲವನ್ನೆತ್ತಿ ವೈರಿಯನ್ನು ಮೋಸಗೊಳಿಸುತ್ತದೆ. ಜೀವ ಉಳಿಸಿಕೊಳ್ಳಲು ಪ್ರಕೃತಿ ಕೊಟ್ಟ ಈ ಉಪಾಯವೇ ಮನುಷ್ಯನ ಮುಂದೆ ಅದರ ಜೀವಕ್ಕೆ ಮುಳುವಾಯಿತು! ನಿಧಿ ತೋರಿಸುತ್ತದೆ, ಮನೆಗೆ ಭಾಗ್ಯ ತರುತ್ತದೆ ಎಂದು ಕಥೆ ಕಟ್ಟಿದರು. ತೂಕ ಹೆಚ್ಚಿದಷ್ಟೂ ಬೆಲೆ ಹೆಚ್ಚೆಂದರು. ತೂಕಕ್ಕಾಗಿ ಹಾವಿಗೆ ಲೋಹದ ಗುಂಡು ನುಂಗಿಸಿದ ಪ್ರಕರಣಗಳೂ ವರದಿಯಾಗಿವೆ. ವಿಷವಿಲ್ಲದ ಈ ಹಾವು ಬಯಲುಸೀಮೆಯ ಹೊಲಗಳಲ್ಲಿ ಇಲಿಗಳನ್ನು ತಿಂದು ಬದುಕುವಂಥದು. ಅದನ್ನು ಹಿಡಿದು ಮಾರಿದರೆ ರೈತನ ಕಾವಲುಗಾರನನ್ನೇ ಮಾರಿದಂತೆ.

ಗೂಬೆಯ ಪಾಡೂ ಇದೇ. ಲಕ್ಷ್ಮಿಯ ವಾಹನವೆಂದು ಹೇಳುತ್ತೇವೆ. ಆ ಲಕ್ಷ್ಮಿಯನ್ನು ಒಲಿಸಲೆಂದೇ ದೀಪಾವಳಿಯ ಹೊತ್ತಿಗೆ ಅದನ್ನು ಬಲಿ ಕೊಡುವವರಿದ್ದಾರೆ. ವನ್ಯಜೀವಿ ವ್ಯಾಪಾರದ ಮೇಲೆ ಕಣ್ಣಿಡುವ 'ಟ್ರಾಫಿಕ್' ಸಂಸ್ಥೆಯು 2010ರಲ್ಲಿಯೇ ಗೂಬೆಗಳ ಮಾರಾಟದ ವಿವರಗಳನ್ನು ಪ್ರಕಟಿಸಿತು. ಕರ್ನಾಟಕದ ಕಾಡುಗಳಲ್ಲಿರುವ ಕಾಡುಪಾಪವೆಂಬ ದೊಡ್ಡ ಕಣ್ಣಿನ ಸಾಧುಪ್ರಾಣಿಯೂ ಮಾಟಗಾರರ ಕೈಗೆ ಸಿಕ್ಕಿ ನರಳಿದೆ.

ಈ ಜೀವಿಗಳಿಗೆಲ್ಲ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆಯುಂಟು. ಮಾಟದ ಹೆಸರಿನಲ್ಲಿ ಜನರನ್ನು ಶೋಷಿಸುವವರ ಮೇಲೂ ಕಾನೂನಿದೆ. ಮಹಾರಾಷ್ಟ್ರದಲ್ಲಿ ಇಂಥ ಕಾನೂನಿಗಾಗಿ ವರ್ಷಗಟ್ಟಲೆ ಹೋರಾಡಿದ ಡಾ. ನರೇಂದ್ರ ದಾಭೋಲ್ಕರರು 2013ರ ಆಗಸ್ಟ್ 20ರಂದು ಪುಣೆಯಲ್ಲಿ ಹತರಾದರು. ಕಾನೂನು ಬಂದುದು ಅವರ ಮರಣದ ನಂತರ, ಅದೇ ವರ್ಷ. ಕರ್ನಾಟಕವು 2017ರಲ್ಲಿ ತನ್ನ ಕಾನೂನನ್ನು ಮಾಡಿತು.

ಇನ್ನು ನಮಗೆ ನೇರವಾಗಿ ತಟ್ಟುವ ಮಾತು. "ಊರಿನಲ್ಲಿ ಹಾವೊಂದಿದೆ, ಮುಂಬಯಿಯಲ್ಲಿ ಗಿರಾಕಿ ಇದ್ದಾನೆ, ನೀನು ತಂದುಕೊಟ್ಟರೆ ಸಾಕು" ಎಂದು ಯಾರಾದರೂ ಆಸೆ ಹುಟ್ಟಿಸಬಹುದು. ಕೋಟಿ ರೂಪಾಯಿಯ ಗಿರಾಕಿ ಕಣ್ಣಿಗೆ ಬೀಳುವುದಿಲ್ಲ. ಚೀಲ ಹೊತ್ತವನ ಕೈಗೆ ಬೇಡಿ ಬೀಳುತ್ತದೆ. ಹೋಟೆಲಿನಲ್ಲಿ ದುಡಿದು ಕೂಡಿಟ್ಟ ಹಣವೂ ಮುಂಗಡವೆಂದು ಹೋಗಿರುತ್ತದೆ.

ಖೋಲಿಯ ಬಾಡಿಗೆ, ತಂಗಿಯ ಮದುವೆ, ಕಾಯಂ ಆಗದ ಕೆಲಸ: ನಮ್ಮ ಚಿಂತೆಗಳು ಸುಳ್ಳಲ್ಲ. ಆದರೆ ನಮ್ಮ ಕಷ್ಟದಲ್ಲಿ ಪಾಲಿಲ್ಲದ ಮೂಕಜೀವಿಯಿಂದ ಅದರ ಬೆಲೆಯನ್ನು ವಸೂಲು ಮಾಡುವುದು ಯಾವ ನ್ಯಾಯ? ಮಾಟ ಫಲಿಸುವುದಿಲ್ಲವೆಂಬುದು ಒಂದು ಮಾತು. ಫಲಿಸುವುದೆಂದೇ ಇಟ್ಟುಕೊಂಡರೂ ಪರರ ಪ್ರಾಣ ತೆತ್ತು ಪಡೆದ ಭಾಗ್ಯವು ಕಳವಿನ ಮಾಲೇ ಸರಿ.

ಇಂಥ ಮಾರಾಟ ಕಣ್ಣಿಗೆ ಬಿದ್ದರೆ ಅರಣ್ಯ ಇಲಾಖೆಗೋ ಪೊಲೀಸರಿಗೋ ತಿಳಿಸಿರಿ. ಪೊಲೀಸರ ಕರೆಯ ಸಂಖ್ಯೆ 112. ಊರಿಗೆ ಕಾಗದ ಬರೆಯುವಾಗಲೋ ಫೋನು ಮಾಡುವಾಗಲೋ ಈ ಮಾತನ್ನೂ ಸೇರಿಸಿರಿ: ಹೊಲದಲ್ಲಿ ಮಣ್ಣುಮುಕ್ಕ ಕಂಡರೆ ಅದನ್ನು ಅದರ ಪಾಡಿಗೆ ಬಿಡಲಿ. ಅದು ತೋರಿಸುವ ನಿಧಿ ಒಂದೇ, ಇಲಿ ತಿನ್ನದೆ ಉಳಿದ ಕಾಳು.