ಅಮೆರಿಕದ ಜಿಂಕೆಬೇಟೆಯ ಬಿಡಾರ: ಒಂದು ಕುಟುಂಬ ಜಾನಪದದ ಸ್ವರೂಪ

ಬೇಟೆಯನ್ನು ಕುರಿತ ಕನ್ನಡದ ವಿದ್ವತ್ತು ಬಹುಮಟ್ಟಿಗೆ ಬೇಟೆಯ ಕ್ಷಣವನ್ನೇ ಆಶ್ರಯಿಸಿಕೊಂಡು ಬಂದಿದೆ. ಪಂಪಭಾರತವೇ ಮೊದಲಾದ ಚಂಪೂಕಾವ್ಯಗಳ ಬೇಟೆಯ ವರ್ಣನೆಗಳು, ಬೇಟೆಯಲ್ಲಿ ಮಡಿದವರಿಗಾಗಿ ನಿಲ್ಲಿಸಿದ ವೀರಗಲ್ಲುಗಳು, ಕುವೆಂಪು ಅವರ ಕಾದಂಬರಿಗಳಲ್ಲಿನ ಮಲೆನಾಡ ಷಿಕಾರಿ ಇವುಗಳ ಬಗ್ಗೆ ಸಾಕಷ್ಟು ಚರ್ಚೆ ನಡೆದಿದೆ. ಹಂದಿಯೊಡನೆ ಹೋರಾಡಿ ಸತ್ತ ಕಾಳಿ ಎಂಬ ನಾಯಿಯನ್ನು ನೆನೆಯುವ, ಕ್ರಿ.ಶ. 950ರ ಸುಮಾರಿನ ಆತಕೂರು ಶಾಸನವಂತೂ ನಮ್ಮ ತರಗತಿಗಳಲ್ಲಿ ಪದೇ ಪದೇ ಉಲ್ಲೇಖಗೊಳ್ಳುತ್ತದೆ. ಆದರೆ ಬೇಟೆಯ ಹಿಂದಿನ ರಾತ್ರಿ ಯಾರು ಯಾರೊಡನೆ ಕುಳಿತು ಉಂಡರು, ಬಿದ್ದ ಪ್ರಾಣಿಯ ಮಾಂಸ ಯಾವ ಯಾವ ಮನೆಗೆ ಹೋಯಿತು, ಗುರಿ ತಪ್ಪಿದವನನ್ನು ಉಳಿದವರು ಹೇಗೆ ನಡೆಸಿಕೊಂಡರು ಎಂಬ ಪ್ರಶ್ನೆಗಳು ಹಿನ್ನೆಲೆಗೆ ಸರಿದಿವೆ. ಇಂತಹ ಪ್ರಶ್ನೆಗಳನ್ನೇ ಮುಂದಿಟ್ಟುಕೊಂಡು ನೋಡಬಹುದಾದ ಒಂದು ಜೀವಂತ ಸಂಪ್ರದಾಯ ಅಮೆರಿಕದ ಸಂಯುಕ್ತ ಸಂಸ್ಥಾನದ ಉತ್ತರದ ರಾಜ್ಯಗಳಲ್ಲಿದೆ. ಅಲ್ಲಿ ಅದಕ್ಕೆ ‘ಡಿಯರ್ ಕ್ಯಾಂಪ್’ ಎಂದು ಹೆಸರು. ಅದರ ಸ್ವರೂಪವನ್ನು ಕನ್ನಡ ಜಾನಪದ ವಿದ್ಯಾರ್ಥಿಗಳಿಗೆ ಪರಿಚಯಿಸುವುದು ಈ ಲೇಖನದ ಉದ್ದೇಶ.

ಈ ಪದಕ್ಕೆ ಕನ್ನಡದಲ್ಲಿ ‘ಬಿಡಾರ’ ಎಂಬುದು ಹೊಂದುತ್ತದೆ. ‘ಬೀಡು’ ಎಂದರೆ ದಂಡಿನ, ಅರಸರ ತಂಗುದಾಣದ ನೆನಪು ಬರುತ್ತದೆ. ಬಿಡಾರವಾದರೋ ಸಾಮಾನ್ಯರು ಕೆಲವು ದಿನಗಳ ಮಟ್ಟಿಗೆ ಇಳಿದುಕೊಳ್ಳುವ ತಾಣ. ಇಂಗ್ಲಿಷಿನಲ್ಲಿ ಆ ಹೆಸರು ಏಕಕಾಲಕ್ಕೆ ಮೂರನ್ನು ಸೂಚಿಸುತ್ತದೆ: ಕಾಡಿನ ಅಂಚಿನ ಮರದ ಗುಡಿಸಲು, ಅಲ್ಲಿ ಸೇರುವ ಮಂದಿ, ಅವರು ಅಲ್ಲಿ ಕಳೆಯುವ ದಿನಗಳು. ಮಿಷಿಗನ್ ರಾಜ್ಯದ ಉತ್ತರ ಪರ್ಯಾಯದ್ವೀಪದಲ್ಲಿ ಕಾಡಿನ ಯಾವ ಗುಡಿಸಲನ್ನಾದರೂ ‘ಕ್ಯಾಂಪ್’ ಎಂದೇ ಕರೆಯುತ್ತಾರೆ.

ಮೊದಲು ಕಾಲದ ವಿಚಾರ. ಮಿಷಿಗನ್‌ನಲ್ಲಿ ಕೋವಿಯಿಂದ ಜಿಂಕೆಯಾಡುವ ಋತು ಪ್ರತಿವರ್ಷ ನವೆಂಬರ್ 15ರಂದು ಆರಂಭವಾಗಿ 30ಕ್ಕೆ ಮುಗಿಯುತ್ತದೆ. ಆ ದಿನ ಯಾವ ವಾರವೇ ಆಗಿರಲಿ, ಅನೇಕ ಶಾಲೆಗಳಿಗೆ ರಜೆ. ವಿಸ್ಕಾನ್ಸಿನ್‌ನಲ್ಲಿ ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ಮುಂಚಿನ ಶನಿವಾರದಿಂದ ಒಂಬತ್ತು ದಿನ. ಪೆನ್ಸಿಲ್ವೇನಿಯದಲ್ಲಿ ಹಬ್ಬದ ಮರುವಾರದ ಸೋಮವಾರ ಮೊದಲ ದಿನವಾಗಿತ್ತು. 2019ರಲ್ಲಿ ಅದನ್ನು ಶನಿವಾರಕ್ಕೆ ಹಿಂದೂಡಿದಾಗ ಹಳೆಯ ಬಿಡಾರಗಳವರು ಬೇಸರಪಟ್ಟುಕೊಂಡರು. ಹಬ್ಬದೂಟ ಮುಗಿಸಿ ಶನಿವಾರ ಹೊರಟು, ಭಾನುವಾರವಿಡೀ ಸೌದೆ ಒಡೆಯುತ್ತ, ಅಡುಗೆ ಮಾಡುತ್ತ, ಇಸ್ಪೀಟಾಡುತ್ತ ಕಳೆಯುವ ಕ್ರಮಕ್ಕೆ ಅದರಿಂದ ಧಕ್ಕೆ ಬಂದಿತು. ಬೇಟೆಯ ದಿನ ಒಂದೂ ಕಡಿಮೆಯಾಗಿರಲಿಲ್ಲ. ಕಳೆದುಹೋದದ್ದು ಬೇಟೆಯಾಡದ ಆ ಒಂದು ದಿನ. ಬಿಡಾರದ ತಿರುಳು ಎಲ್ಲಿದೆ ಎಂಬುದಕ್ಕೆ ಈ ಬೇಸರವೇ ಸಾಕ್ಷಿ ಎಂದು ನಾನು ಭಾವಿಸುತ್ತೇನೆ.

ಈ ‘ಸನಾತನ’ ಸಂಪ್ರದಾಯದ ಪಂಚಾಂಗವನ್ನು ಬರೆದದ್ದು ಕಾನೂನು ಎಂಬುದು ಗಮನಾರ್ಹ. ಹತ್ತೊಂಬತ್ತನೆಯ ಶತಮಾನದ ಕೊನೆಯ ವೇಳೆಗೆ ಮಾರಾಟದ ಬೇಟೆಯಿಂದ ಬಿಳಿಬಾಲದ ಜಿಂಕೆ ಅನೇಕ ಪ್ರದೇಶಗಳಲ್ಲಿ ಅಳಿದೇ ಹೋಗಿತ್ತು. ಪೆನ್ಸಿಲ್ವೇನಿಯದವರು 1906ರಿಂದ ಬೇರೆ ರಾಜ್ಯಗಳಿಂದ ಜಿಂಕೆಗಳನ್ನು ತರಿಸಿ ಬಿಡಬೇಕಾಯಿತು. 1907ರಲ್ಲಿ ಕೊಂಬುಳ್ಳ ಗಂಡನ್ನು ಮಾತ್ರ ಹೊಡೆಯಬೇಕೆಂಬ ನಿಯಮ ಬಂದಿತು. ಕಾಡುಮಾಂಸದ ಸಾಗಾಟವನ್ನು ನಿಯಂತ್ರಿಸಿದ ಲೇಸಿ ಕಾಯಿದೆ 1900ರದು. 1937ರ ಪಿಟ್‌ಮನ್-ರಾಬರ್ಟ್‌ಸನ್ ಕಾಯಿದೆಯಿಂದ ಕೋವಿ, ತೋಟಾಗಳ ಮೇಲಿನ ತೆರಿಗೆ ವನ್ಯಜೀವಿಗಳ ರಕ್ಷಣೆಗೆ ಸಲ್ಲತೊಡಗಿತು. ಇತ್ತ ಮರದ ಕಂಪನಿಗಳು ಬೋಳು ಮಾಡಿಹೋದ ಬೆಟ್ಟಗಳಲ್ಲಿ ಎಳೆಯ ಪೊದೆ ಚಿಗುರಿ ಜಿಂಕೆಗೆ ಮೇವು ಹೆಚ್ಚಿತು. ಕಾರು ಬಂದ ಮೇಲೆ ಕಾರ್ಖಾನೆಯ ಕಾರ್ಮಿಕನೂ ವರ್ಷಕ್ಕೊಂದು ವಾರ ಕಾಡಿಗೆ ಹೋಗಬಲ್ಲವನಾದ. 1957ರಲ್ಲಿ ಮ್ಯಾಕಿನಾ ಸೇತುವೆ ತೆರೆಯುವವರೆಗೆ, ಜಲಸಂಧಿ ದಾಟಿಸುವ ಹಡಗಿಗಾಗಿ ಬೇಟೆಗಾರರ ಕಾರುಗಳು ಮೈಲುಗಟ್ಟಲೆ ಸಾಲುನಿಲ್ಲುತ್ತಿದ್ದವು. ಹೀಗೆ ನೋಡಿದರೆ ಬಿಡಾರವು ಆದಿಮ ಜೀವನದ ಉಳಿಕೆಯಲ್ಲ. ಕೈಗಾರಿಕಾ ಸಮಾಜ ತನಗಾಗಿ ಕಟ್ಟಿಕೊಂಡ ಆಚರಣೆ. ಯಾವುದಾದರೊಂದು ಸಮಾನ ಅಂಶವುಳ್ಳ ಯಾವ ಗುಂಪೂ ‘ಜನಪದ’ವೇ ಎಂದು 1965ರಲ್ಲಿ ಅಲನ್ ಡಂಡೆಸ್ ಮಾಡಿದ ವ್ಯಾಖ್ಯಾನ ನಮ್ಮಲ್ಲಿ ಸುಪರಿಚಿತ. ಅದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ದೊರೆಯುವುದು ಕಷ್ಟ.

ಬಿಡಾರದ ಒಳಗೆ ಕಟ್ಟಿಗೆಯ ಒಲೆ, ಗೋಡೆಗೆ ಅಂತಸ್ತಾಗಿ ಹೊಡೆದ ಮಲಗುಹಲಗೆಗಳು, ಒಂದು ಉದ್ದನೆಯ ಮೇಜು. ಮೇಜಿನ ಮೇಲೆ ರಾತ್ರಿ ಯೂಕರ್ ಎಂಬ ಇಸ್ಪೀಟಾಟ. ಉತ್ತರ ಪರ್ಯಾಯದ್ವೀಪದ ಬಿಡಾರಗಳಲ್ಲಿ ಊಟಕ್ಕೆ ಪ್ಯಾಸ್ಟಿ ಇರುವುದುಂಟು. ಮಾಂಸ, ಆಲೂಗಡ್ಡೆ ತುಂಬಿ ಬೇಯಿಸಿದ ಈ ಕಡುಬನ್ನು ಅಲ್ಲಿಗೆ ತಂದವರು ಗಣಿ ಕೆಲಸಕ್ಕೆ ಬಂದ ಕಾರ್ನ್‌ವಾಲ್‌ನವರು. ಪಕ್ಕದಲ್ಲೇ ಇರುವ ಹಬೆಮನೆ ಫಿನ್‌ಲೆಂಡಿನಿಂದ ಬಂದವರ ಕೊಡುಗೆ. ಮೊದಲ ಜಿಂಕೆ ಬಿದ್ದ ಸಂಜೆ ಅದರ ಈಲಿಯನ್ನು ಈರುಳ್ಳಿಯೊಡನೆ ಹುರಿದು ಎಲ್ಲರೂ ತಿನ್ನುವ ವಾಡಿಕೆ ಹಲವೆಡೆ ಇದೆ. ಯಾರು ಯಾವ ಹಲಗೆಯಲ್ಲಿ ಮಲಗಬೇಕು, ಯಾವ ಮರದ ಬುಡ ಯಾರದು ಎಂಬುದು ಬರೆಯದ ಶಾಸನ. ಹಿರಿಯನೊಬ್ಬ ತೀರಿಕೊಂಡರೆ ಅವನು ಕಾದು ಕೂರುತ್ತಿದ್ದ ಜಾಗ ಅವನ ಹೆಸರಿನಲ್ಲೇ ಉಳಿಯುತ್ತದೆ. ಸ್ಥಳನಾಮ ಸಂಶೋಧಕರಿಗೆ ಇದು ಹೊಸತಲ್ಲ. ನಮ್ಮ ಮಲೆನಾಡಿನಲ್ಲಿ ಮರಸು ಕೂರುವ ಜಾಗಗಳಿಗೂ ಹೆಸರುಗಳಿದ್ದವು.

ಆಚರಣೆಗಳಲ್ಲಿ ಎರಡು ಮುಖ್ಯ. ಮೊದಲ ಜಿಂಕೆಯನ್ನು ಹೊಡೆದ ಹುಡುಗನ ಮುಖಕ್ಕೆ ಆ ಜಿಂಕೆಯ ರಕ್ತವನ್ನು ಹಿರಿಯನು ಹಚ್ಚುವುದು ಒಂದು. ವಾನ್ ಗೆನೆಪ್ 1909ರಲ್ಲಿ ವಿವರಿಸಿದ ಸಂಕ್ರಮಣ ವಿಧಿಯ ಮೂರು ಹಂತಗಳೂ ಇಲ್ಲಿ ಸ್ಪಷ್ಟ: ಮನೆಯಿಂದ ಬೇರ್ಪಡುವುದು, ಕಾಡಿನ ನಡುಗಾಲ, ಹೊಸ ಅಂತಸ್ತಿನೊಡನೆ ಮರಳುವುದು. ಸಾಹಿತ್ಯದ ಓದುಗರಿಗೆ ಇದು ವಿಲಿಯಂ ಫಾಕ್ನರ್‌ನಿಂದ ತಿಳಿದಿರಬಹುದು. 1942ರ ‘ಗೋ ಡೌನ್, ಮೋಸಸ್’ ಕೃತಿಯಲ್ಲಿ ಐಸಾಕ್ ಮೆಕ್ಯಾಸ್ಲಿನ್ ಎಂಬ ಬಾಲಕನ ಮುಖಕ್ಕೆ ರಕ್ತ ಹಚ್ಚುವವನು ಸ್ಯಾಮ್ ಫಾದರ್ಸ್. ಅವನು ಚಿಕಸಾ ಬುಡಕಟ್ಟಿನ ಮುಖಂಡನಿಗೆ ಗುಲಾಮ ಹೆಣ್ಣಿನಲ್ಲಿ ಹುಟ್ಟಿದವನು. ಭೂಮಾಲೀಕರ ಕುಲದ ಹುಡುಗನಿಗೆ ದೀಕ್ಷೆ ಕೊಡುವ ಅಧಿಕಾರ ನೆಲವನ್ನೂ ಸ್ವಾತಂತ್ರ್ಯವನ್ನೂ ಕಳೆದುಕೊಂಡವನ ಕೈಯಲ್ಲಿದೆ. ಅದೇ ಕೃತಿಯ ಮತ್ತೊಂದು ಭಾಗದಲ್ಲಿ ಮುದುಕನಾದ ಐಸಾಕ್, ಉಳಿದಿರುವ ಕಾಡನ್ನು ಹುಡುಕಿಕೊಂಡು ಕಾರಿನಲ್ಲಿ ಇನ್ನೂರು ಮೈಲಿ ಹೋಗಬೇಕಾಗುತ್ತದೆ.

ಎರಡನೆಯದು ಸೋಲಿನ ಆಚರಣೆ. ಗುರಿ ತಪ್ಪಿದವನ ಅಂಗಿಯ ಹಿಂಬದಿಯ ಸೆರಗನ್ನು ಕತ್ತರಿಸಿ, ಅದರ ಮೇಲೆ ಹೆಸರು, ತಾರೀಖು ಬರೆದು ಗೋಡೆಗೆ ಮೊಳೆ ಹೊಡೆಯುತ್ತಾರೆ. ವರ್ಷಗಳುರುಳಿದಂತೆ ಗೋಡೆಯ ತುಂಬ ಬಟ್ಟೆಯ ಚೂರುಗಳು ತೂಗುತ್ತವೆ. ತಂದೆಯ ಚೂರಿನ ಪಕ್ಕದಲ್ಲಿ ಮಗನದು. ಊರಿನಲ್ಲಿ ಸಾರ್ವಜನಿಕವಾಗಿ ನೆಟ್ಟ ಕಂಬಕ್ಕೆ ಗಂಡುಜಿಂಕೆಗಳನ್ನು ತೂಗುಹಾಕಿ ಮೆರೆಸುವ ಪದ್ಧತಿ ಮಿಷಿಗನ್‌ನಲ್ಲಿದೆ. ಹೊರಗಿನವರಿಗೆ ಗೆಲುವಿನ ಪ್ರದರ್ಶನ, ಒಳಗಿನವರಿಗೆ ಸೋಲಿನ ದಾಖಲೆ. ನಮ್ಮ ವೀರಗಲ್ಲುಗಳಿಗೆ ಇಂತಹ ಒಳಗೋಡೆ ಇರಲಿಲ್ಲವೇನೋ! ಕುಟುಂಬದ ಮಾನ ಇಡೀ ಒಂದು ಜಿಂಕೆಗೆ ಅಂಟಿಕೊಳ್ಳುವ ವಿಪರೀತವನ್ನು ಜೆಫ್ ಡೇನಿಯಲ್ಸ್‌ನ ‘ಎಸ್ಕನಾಬಾ ಇನ್ ದ ಮೂನ್‌ಲೈಟ್’ (1995) ನಾಟಕ ಹಾಸ್ಯವಾಗಿ ಚಿತ್ರಿಸಿದೆ. ಅದರ ನಾಯಕ ನಡುವಯಸ್ಸಾದರೂ ಒಂದೂ ಗಂಡುಜಿಂಕೆಯನ್ನು ಹೊಡೆಯದವನು. 2001ರಲ್ಲಿ ಇದು ಚಲನಚಿತ್ರವಾಯಿತು.

ಕಥನದ ದೃಷ್ಟಿಯಿಂದ ಬಿಡಾರದ ದಿನಚರಿ ಪುಸ್ತಕ ಅಮೂಲ್ಯ ಆಕರ. ಬಂದವರ ಹೆಸರು, ಹಿಮದ ಆಳ, ಗಾಳಿಯ ದಿಕ್ಕು, ಯಾರು ಏನು ಹೊಡೆದರು, ಯಾರ ಅಡುಗೆ ಸೀದುಹೋಯಿತು ಎಂಬುದನ್ನೆಲ್ಲ ಅದರಲ್ಲಿ ಬರೆದಿಡುತ್ತಾರೆ. ಅಲ್ಡೊ ಲಿಯೊಪೋಲ್ಡ್ 1935ರಲ್ಲಿ ವಿಸ್ಕಾನ್ಸಿನ್ ನದಿಯ ಬಳಿ ಕೊಂಡ ಪಾಳುಜಮೀನಿನ ಕೋಳಿಗೂಡನ್ನು ಕುಟುಂಬದ ಬಿಡಾರವಾಗಿ ಮಾಡಿಕೊಂಡು ಇಟ್ಟ ದಿನಚರಿಗಳೇ ಮುಂದೆ 1949ರಲ್ಲಿ, ಆತನ ಮರಣದ ಮರುವರ್ಷ, ಪ್ರಕಟವಾದ ‘ಎ ಸ್ಯಾಂಡ್ ಕೌಂಟಿ ಆಲ್ಮನ್ಯಾಕ್’ ಕೃತಿಗೆ ನೆಲೆಗಟ್ಟಾದವು. ಪರಿಸರ ಚಿಂತನೆಯ ಶ್ರೇಷ್ಠ ಗ್ರಂಥವೊಂದರ ಬೇರು ಇಂತಹ ಬಿಡಾರದ ಬರವಣಿಗೆಯಲ್ಲಿದೆ ಎಂಬುದನ್ನು ನಾವು ಸಾಮಾನ್ಯವಾಗಿ ಮರೆಯುತ್ತೇವೆ. ವಿದ್ವಾಂಸರಲ್ಲಿ ಸೈಮನ್ ಬ್ರಾನರ್‌ನ ‘ಕಿಲ್ಲಿಂಗ್ ಟ್ರೆಡಿಶನ್’ (2008) ಈ ಲೋಕವನ್ನೂ ಪ್ರಾಣಿಹಕ್ಕುಗಳ ವಾದವನ್ನೂ ಎದುರುಬದುರು ಇಟ್ಟು ನೋಡಿದೆ.

ಇನ್ನು ಪಾಲಿನ ವಿಚಾರ. ನನ್ನ ದೃಷ್ಟಿಯಲ್ಲಿ ಇದೇ ಈ ಸಂಪ್ರದಾಯದ ಜೀವಾಳ. ಬೇಟೆಯಾಡಿದ ಕಾಡುಜಿಂಕೆಯ ಮಾಂಸವನ್ನು ಅಲ್ಲಿ ಮಾರುವಂತಿಲ್ಲ. ಮಾರಲಾಗದ ವಸ್ತು ಒಂದೋ ಮನೆಯಲ್ಲಿ ಮುಗಿಯಬೇಕು, ಇಲ್ಲವೇ ಕೊಡುಗೆಯಾಗಬೇಕು. ಹಾಗಾಗಿ ನವೆಂಬರ್ ಕಳೆದ ಮೇಲೆ ಕೋವಿ ಹಿಡಿಯಲಾರದ ಅಜ್ಜನಿಗೆ, ಜಮೀನಿನಲ್ಲಿ ಬೇಟೆಗೆ ಬಿಟ್ಟ ರೈತನಿಗೆ, ನೆರೆಮನೆಯ ವಿಧವೆಗೆ ಮಾಂಸದ ಪೊಟ್ಟಣಗಳು ಹೋಗುತ್ತವೆ. ಕೆಲವು ಬಿಡಾರಗಳಲ್ಲಿ ಯಾರೇ ಹೊಡೆಯಲಿ, ಎಲ್ಲ ಮಾಂಸವನ್ನೂ ಕೂಡಿಸಿ ಸಮಪಾಲು ಮಾಡುತ್ತಾರೆ. ತುಂಡುಮಾಂಸವನ್ನೆಲ್ಲ ಒಟ್ಟಿಗೆ ಅರೆದು ಸಾಸೇಜು ಮಾಡಿಸುತ್ತಾರೆ. ಮಲೆನಾಡಿನ ಸೋವುಬೇಟೆಯಲ್ಲಿ ಹೊಡೆದವನಿಗೆ ವಿಶೇಷ ಪಾಲಿದ್ದರೂ ಸೋವಿದವರಿಗೆಲ್ಲ ಪಾಲು ಸಲ್ಲುತ್ತಿದ್ದುದನ್ನು ಇದರೊಡನೆ ಹೋಲಿಸಬಹುದು. ಆದರೆ ಹೋಲಿಕೆಯನ್ನು ಬಹಳ ದೂರ ಎಳೆಯಲಾಗದು. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ, 1991ರ ಅದರ ತಿದ್ದುಪಡಿ ಬೇಟೆಯನ್ನು ಕೊನೆಗಾಣಿಸಿದವು. ಬೇಟೆಯ ಋತುವಿಗೆ ಮುನ್ನುಡಿಯಾಗಿದ್ದ ಕೊಡಗಿನ ಕೈಲ್‌ಪೊಳ್ದ್ ಹಬ್ಬದಲ್ಲಿ ಇಂದು ತೆಂಗಿನಕಾಯಿಗೆ ಗುರಿಯಿಡುತ್ತಾರೆ. ಅಲ್ಲಿ ಆಚರಣೆಯ ಪಂಚಾಂಗವನ್ನು ಬರೆದ ಕಾನೂನು ಇಲ್ಲಿ ಆಚರಣೆಯನ್ನು ಕಥನಕ್ಕೂ ಕ್ರೀಡೆಗೂ ಮಿತಿಗೊಳಿಸಿತು. ಎರಡು ದೇಶಗಳ ಕಾಡು, ಜನಸಂಖ್ಯೆಗಳ ಸ್ಥಿತಿ ಬೇರೆ ಬೇರೆಯಾದ್ದರಿಂದ ಯಾವುದು ಸರಿ ಎಂಬ ತೀರ್ಪಿಗೆ ಇಲ್ಲಿ ಎಡೆಯಿಲ್ಲ.

ಪಾಲು ಎಂದ ಮೇಲೆ ಪಾಲಿಲ್ಲದವರೂ ಇರುತ್ತಾರೆ. ಬಿಡಾರ ಬಹುಕಾಲ ಗಂಡಸರದೇ ಆಗಿತ್ತು. ಹೆಣ್ಣಿನ ಬೇಟೆಯನ್ನು ಕುರಿತ ಮೇರಿ ಝೈಸ್ ಸ್ಟ್ಯಾಂಜ್ ಅವರ ‘ವುಮನ್ ದ ಹಂಟರ್’ 1997ರಲ್ಲಿ ಬಂದಿತು. ಈಗ ಹೆಣ್ಣುಮಕ್ಕಳೂ ತಂದೆಯೊಡನೆ ಹೋಗುತ್ತಾರೆ. ನೆಲದ ಪ್ರಶ್ನೆ ಇನ್ನೂ ತೊಡಕಿನದು. ಉತ್ತರ ವಿಸ್ಕಾನ್ಸಿನ್‌ನ ನೆಲವನ್ನು 1837 ಮತ್ತು 1842ರ ಒಪ್ಪಂದಗಳಲ್ಲಿ ಬಿಟ್ಟುಕೊಟ್ಟ ಒಜಿಬ್ವೆ ಜನ ಅಲ್ಲಿ ಬೇಟೆಯಾಡುವ, ಮೀನು ಹಿಡಿಯುವ ಹಕ್ಕನ್ನು ಉಳಿಸಿಕೊಂಡಿದ್ದರು. 1983ರಲ್ಲಿ ಫೆಡರಲ್ ಮೇಲ್ಮನವಿ ನ್ಯಾಯಾಲಯ ಅದನ್ನು ಎತ್ತಿಹಿಡಿದಾಗ ಬಿಳಿಯರಲ್ಲಿ ಅನೇಕರು ಉಗ್ರವಾಗಿ ಪ್ರತಿಭಟಿಸಿದರು. ‘ನಮ್ಮ ಅಜ್ಜನ ಕಾಲದಿಂದ’ ಎಂಬ ಮಾತಿಗೆ ಅಜ್ಜನಿಗಿಂತ ಹಿಂದಿನವರು ಎದುರಾದಾಗ ಆದ ತಳಮಳ ಅದು. 2004ರ ನವೆಂಬರ್‌ನಲ್ಲಿ ಅದೇ ಭಾಗದಲ್ಲಿ, ಲಾವೋಸಿನಿಂದ ವಲಸೆ ಬಂದ ಹ್ಮಾಂಗ್ ಸಮುದಾಯದ ಬೇಟೆಗಾರನೊಬ್ಬ ಖಾಸಗಿ ಜಮೀನಿನ ಅಟ್ಟಣೆಯೊಂದರಲ್ಲಿ ಕುಳಿತದ್ದರಿಂದ ಹುಟ್ಟಿದ ಜಗಳದಲ್ಲಿ ಅವನ ಗುಂಡಿಗೆ ಆರು ಜನ ಬಲಿಯಾದರು. ಬಿಡಾರದ ಆತ್ಮೀಯತೆಯನ್ನು ಮಾತ್ರ ಕೊಂಡಾಡುವ ಬರಹಗಳಲ್ಲಿ ಈ ಸಂಗತಿಗಳಿಗೆ ಜಾಗವಿರುವುದಿಲ್ಲ. ಜಾನಪದ ಸಂಶೋಧಕನು ಹಾಗೆ ಕೈಬಿಡುವಂತಿಲ್ಲ.

ಈಗ ಬಿಡಾರಗಳು ತೆರವಾಗುತ್ತಿವೆ. ಸರ್ಕಾರಿ ಸಮೀಕ್ಷೆಯಂತೆ 1991ರಲ್ಲಿ ದೇಶದಲ್ಲಿ 16 ವರ್ಷ ದಾಟಿದ 1 ಕೋಟಿ 41 ಲಕ್ಷ ಬೇಟೆಗಾರರಿದ್ದರು. 2016ರಲ್ಲಿ 1 ಕೋಟಿ 15 ಲಕ್ಷ. ವಿಸ್ಕಾನ್ಸಿನ್ 2017ರಲ್ಲಿ, ಹಿರಿಯರ ಜೊತೆಯಲ್ಲಿ ಬೇಟೆಗೆ ಹೋಗುವ ಮಕ್ಕಳಿಗಿದ್ದ ಕನಿಷ್ಠ ವಯೋಮಿತಿಯನ್ನೇ ತೆಗೆದುಹಾಕಿತು. ಹಿಂದೆ ಬಿಡಾರದ ಹಿರಿಯನು ಹುಡುಗನನ್ನು ನೋಡಿ ‘ಈ ವರ್ಷ ಬಾ’ ಎನ್ನುತ್ತಿದ್ದ. ಈಗ ಮಕ್ಕಳನ್ನು ಕರೆತರುವ ಚಿಂತೆ ಶಾಸನಸಭೆಯದೂ ಆಗಿದೆ.

ಇದಕ್ಕಿಂತ ಆಳದ ಪೆಟ್ಟು ಬಿದ್ದಿರುವುದು ಪಾಲಿಗೆ. ಜಿಂಕೆಯ ಮಿದುಳನ್ನು ತಿಂದುಹಾಕುವ, ಮದ್ದಿಲ್ಲದ ರೋಗವೊಂದು 2002ರಲ್ಲಿ ವಿಸ್ಕಾನ್ಸಿನ್‌ನಲ್ಲಿ ಪತ್ತೆಯಾಗಿ ಹರಡುತ್ತ ಬಂದಿದೆ. ಮನುಷ್ಯರಿಗೆ ಅದು ತಗುಲಿದ ಖಚಿತ ನಿದರ್ಶನವಿಲ್ಲ. ಆದರೂ ಸೋಂಕಿತ ಪ್ರಾಣಿಯ ಮಾಂಸವನ್ನು ತಿನ್ನಬಾರದು, ರೋಗವಿರುವ ಪ್ರದೇಶದ ಜಿಂಕೆಯನ್ನು ಪರೀಕ್ಷೆ ಮಾಡಿಸುವುದನ್ನು ಬಲವಾಗಿ ಪರಿಗಣಿಸಬೇಕು, ಒಂದು ಜಿಂಕೆಯ ಮಾಂಸವನ್ನು ಇನ್ನೊಂದರದರೊಡನೆ ಬೆರೆಸದೆ ಪ್ರತ್ಯೇಕವಾಗಿ ಕೊಯ್ಯಿಸಬೇಕು ಎಂದು ಆರೋಗ್ಯ ಇಲಾಖೆಯ ಸಲಹೆ. ಅದನ್ನು ಪಾಲಿಸುವವರು ಜಿಂಕೆಯ ತಲೆಯನ್ನು ಚೀಟಿ ಕಟ್ಟಿ ಪರೀಕ್ಷೆಗೆ ಒಪ್ಪಿಸುತ್ತಾರೆ. ಈಲಿಯ ಆ ಮೊದಲ ಸಂಜೆಯ ಊಟವನ್ನು ಬಿಡುತ್ತಾರೆ. ಪೊಟ್ಟಣಗಳ ಮೇಲೆ ಯಾರಿಗೆಂದು ಹೆಸರು ಬರೆಯುವ ಬದಲು ಯಾವ ಜಿಂಕೆಯದೆಂದು ಸಂಖ್ಯೆ ಬರೆದು, ಫಲಿತಾಂಶ ಬರುವವರೆಗೆ ಶೀತಪೆಟ್ಟಿಗೆಯಲ್ಲಿ ಇಟ್ಟು ಕಾಯುತ್ತಾರೆ.