ನಂಜು ನಳಿಕೆಯಲ್ಲಿದ್ದರೆ ಇಂಜೆಕ್ಷನ್ ಒಂದೇ ಸಾಲದು

ಡಯಾಲಿಸಿಸ್ ಶುರುವಾದ ಸ್ವಲ್ಪ ಹೊತ್ತಿಗೆ ಗಡಗಡ ನಡುಕ, ಹಿಂದೆಯೇ ಜ್ವರ. ಕುತ್ತಿಗೆಯಲ್ಲಿ ಕ್ಯಾತಿಟರ್ ಎಂಬ ನಳಿಕೆ ಇರುವ ಕಿಡ್ನಿ ರೋಗಿಗಳ ಮನೆಯವರು ಹೆದರುವುದು ಇದಕ್ಕೇ. ಐಸಿಯುನಲ್ಲಿ ಅಂಥದ್ದೇ ನಳಿಕೆಯಾದ ಸೆಂಟ್ರಲ್ ಲೈನ್ ಹಾಕಿದವರಿಗೂ ಇದೇ ಅಪಾಯ. ನಳಿಕೆಯ ತುದಿ ಹೃದಯದ ಹತ್ತಿರದವರೆಗೆ ಹೋಗಿರುತ್ತದೆ. ಚರ್ಮದ ಮೇಲಿನ ಬ್ಯಾಕ್ಟೀರಿಯಾಕ್ಕೆ ರಕ್ತ ಸೇರಲು ಅದೇ ದಾರಿ.

'ಪವರ್‌ಫುಲ್ ಆಂಟಿಬಯೋಟಿಕ್ ಕೊಡಿ ಡಾಕ್ಟ್ರೇ' ಎಂದು ಮನೆಯವರು ಅಂಗಲಾಚುತ್ತಾರೆ. ಅದಕ್ಕೂ ಮೊದಲು ಆಗಬೇಕಾದದ್ದು ಬ್ಲಡ್ ಕಲ್ಚರ್. ನಳಿಕೆಯಿಂದಲೂ ಕೈಯ ರಕ್ತನಾಳದಿಂದಲೂ ಒಂದೇ ಹೊತ್ತಿಗೆ ರಕ್ತ ತೆಗೆಯಬೇಕು. ನಳಿಕೆಯ ರಕ್ತದಲ್ಲಿ ರೋಗಾಣು ಕನಿಷ್ಠ 2 ಗಂಟೆ ಮುಂಚೆ ಬೆಳೆದರೆ ಸೋಂಕಿನ ಮೂಲ ನಳಿಕೆಯೇ ಎನ್ನಲು ಬಲವಾದ ಆಧಾರ ಸಿಕ್ಕಂತೆ. ಮೊದಲೇ ಔಷಧಿ ಕೊಟ್ಟುಬಿಟ್ಟರೆ ಈ ಸುಳಿವು ಅಳಿಸಿಹೋಗಬಹುದು. ಹಾಗೆಂದು ವರದಿಗೆ ಕಾಯುತ್ತ ಕೂರುವಂತಿಲ್ಲ. ರೋಗಿಯ ಬಿ.ಪಿ. ಕುಸಿಯುತ್ತಿದ್ದರೆ ರಕ್ತ ತೆಗೆದ ಕೂಡಲೇ ಔಷಧಿ ಶುರುವಾಗಬೇಕು.

ಔಷಧಿ ಸೋಲುವುದು ಎಲ್ಲಿ? ಕೆರೆಯ ಮೆಟ್ಟಿಲಿಗೆ ಪಾಚಿ ಹಿಡಿದಂತೆ ನಳಿಕೆಯ ಒಳಗೋಡೆಗೆ ಬ್ಯಾಕ್ಟೀರಿಯಾ ಲೋಳೆಪೊರೆ ಕಟ್ಟಿಕೊಳ್ಳುತ್ತದೆ. ರಕ್ತದಲ್ಲಿ ತೇಲುವ ರೋಗಾಣುಗಳು ಸಾಯುತ್ತವೆ, ಪೊರೆಯೊಳಗಿನವು ಉಳಿಯುತ್ತವೆ. ಇಳಿದ ಜ್ವರ ಮತ್ತೆ ಏರುತ್ತದೆ. ಸ್ಟ್ಯಾಫಿಲೋಕಾಕಸ್ ಆರಿಯಸ್ ಅಥವಾ ಕ್ಯಾಂಡಿಡಾ ಶಿಲೀಂಧ್ರ ಸಿಕ್ಕರೆ ಸಾಮಾನ್ಯವಾಗಿ ನಳಿಕೆಯನ್ನೇ ತೆಗೆಯಬೇಕು. ಚಿಕಿತ್ಸೆಯ ದಿನಗಳನ್ನು ಎಣಿಸುವುದು ರಕ್ತ ಶುದ್ಧವೆಂದು ವರದಿ ಕೊಟ್ಟ ಮೊದಲ ಕಲ್ಚರ್‌ನ ದಿನದಿಂದ, ಕನಿಷ್ಠ 14 ದಿನ. ಹೃದಯದ ಕವಾಟಕ್ಕೆ ಸೋಂಕು ತಗುಲಿದರೆ 4ರಿಂದ 6 ವಾರ. ಅದನ್ನು ತಿಳಿಯಲೆಂದೇ ಹೃದಯದ ಸ್ಕ್ಯಾನ್ ಆದ ಎಕೋ ಮಾಡಿಸುತ್ತಾರೆ. ಜ್ವರ ಬಿಟ್ಟಿತೆಂದು ನಡುವೆಯೇ ಡಿಸ್‌ಚಾರ್ಜ್‌ಗೆ ಹಟ ಹಿಡಿಯುವುದು ಅಪಾಯಕ್ಕೆ ಕೈಹಾಕಿದಂತೆ. ಅಷ್ಟು ಉಗ್ರವಲ್ಲದ ರೋಗಾಣುವಾದರೆ, ಬೇರೆ ರಕ್ತನಾಳವೂ ಸಿಗದಿದ್ದರೆ, ನಳಿಕೆ ಉಳಿಸಿಕೊಂಡು ಅದರೊಳಗೇ ಗಾಢವಾದ ಔಷಧಿ ತುಂಬಿಡುವ 'ಲಾಕ್' ಚಿಕಿತ್ಸೆ ಉಂಟು. ಜೊತೆಗೆ ರಕ್ತಕ್ಕೂ ಆಂಟಿಬಯೋಟಿಕ್ ಹೋಗಲೇಬೇಕು.

ನಮ್ಮ ಐಸಿಯುಗಳಲ್ಲಿ ಕಾರ್ಬಪೆನೆಮ್ ಎಂಬ ಪ್ರಬಲ ಆಂಟಿಬಯೋಟಿಕ್‌ಗಳಿಗೂ ಬಗ್ಗದ ಕ್ಲೆಬ್ಸಿಯೆಲ್ಲಾ, ಅಸಿನೆಟೋಬ್ಯಾಕ್ಟರ್ ಬ್ಯಾಕ್ಟೀರಿಯಾಗಳು ಕಾಣಿಸುತ್ತಿವೆ. ಆಗ ಕೈಗೆ ಸಿಗುವ ಕೊಲಿಸ್ಟಿನ್ ಕಿಡ್ನಿಗೇ ಪೆಟ್ಟು ಕೊಡಬಲ್ಲದು. ಹಾಗಾಗಿ ಸೋಂಕು ತಡೆಯುವುದೇ ದೊಡ್ಡ ಚಿಕಿತ್ಸೆ ಎಂದು ನಾನು ನಂಬುತ್ತೇನೆ. ಅಮೆರಿಕದ ವೈದ್ಯ ಪೀಟರ್ ಪ್ರೊನೊವೊಸ್ಟ್ ಮಿಷಿಗನ್ ರಾಜ್ಯದ ನೂರಕ್ಕೂ ಹೆಚ್ಚು ಐಸಿಯುಗಳಲ್ಲಿ ಇದನ್ನು ಮಾಡಿ ತೋರಿಸಿದರು. ಕೈ ತೊಳೆಯುವುದು, ಕ್ಲೋರ್‌ಹೆಕ್ಸಿಡಿನ್‌ನಿಂದ ಚರ್ಮ ಒರೆಸುವುದು, ರೋಗಿಗೆ ಪೂರ್ತಿ ಹೊದಿಕೆ, ಆದಷ್ಟೂ ತೊಡೆಸಂದಿಯ ರಕ್ತನಾಳ ಬಿಡುವುದು, ಬೇಡವಾದ ನಳಿಕೆ ತೆಗೆಯುವುದು: ಇಷ್ಟೇ ಅವರ ಪಟ್ಟಿ. 2006ರಲ್ಲಿ ಪ್ರಕಟವಾದ ವರದಿಯಂತೆ ಒಂದೂವರೆ ವರ್ಷದಲ್ಲಿ ಸೋಂಕಿನ ಸರಾಸರಿ 1000 ಕ್ಯಾತಿಟರ್ ದಿನಗಳಿಗೆ 7.7ರಿಂದ 1.4ಕ್ಕೆ ಇಳಿಯಿತು.

ನಿಮ್ಮವರು ಐಸಿಯುನಲ್ಲಿದ್ದರೆ ಡಾಕ್ಟರು ರೌಂಡ್ಸ್‌ಗೆ ಬಂದಾಗ ದಿನವೂ ಕೇಳಿ: 'ಈ ಲೈನ್ ಇವತ್ತೂ ಬೇಕಾ?' ಡಯಾಲಿಸಿಸ್ ಆದರೆ, ನಳಿಕೆಯ ಬದಲು ಕೈಯ ರಕ್ತನಾಳಗಳನ್ನೇ ಜೋಡಿಸುವ ಫಿಸ್ಟುಲಾ ಯಾವಾಗ ಮಾಡುತ್ತೀರಿ ಎಂದೂ ಕೇಳಿ.