ಗುಬ್ಬಚ್ಚಿಗೊಂದು ಮರದ ಗೂಡು

ಕಾಗಕ್ಕ-ಗುಬ್ಬಕ್ಕನ ಕಥೆಯನ್ನು ಕೇಳುತ್ತ ಬೆಳೆದವರು ನಾವು. ಪುಣೆಯಲ್ಲಿ ಬೆಳೆದ ನಮ್ಮ ಮಕ್ಕಳು ಅದನ್ನೇ ಮರಾಠಿಯಲ್ಲಿ ಚಿಮಣಿ-ಕಾವಳಾ ಕಥೆಯಾಗಿ ಕೇಳಿದ್ದಾರೆ. ಎರಡರಲ್ಲಿಯೂ ಮಳೆಗೆ ಕೊಚ್ಚಿಹೋಗುವುದು ಕಾಗೆಯ ಮನೆ; ಗುಬ್ಬಿಯ ಮನೆ ಭದ್ರವಾಗಿ ಉಳಿಯುತ್ತದೆ. ಇಂದಿನ ನಗರದಲ್ಲಿ ಕಥೆ ತಿರುವುಮುರುವಾಗಿದೆ. ಕಾಗೆ ಯಾವುದೋ ಮರದ ಕವಲಿನಲ್ಲಿ ಗೂಡು ಕಟ್ಟಿಕೊಳ್ಳುತ್ತದೆ. ನೆಲೆ ತಪ್ಪಿರುವುದು ಗುಬ್ಬಚ್ಚಿಗೆ.

ಇದಕ್ಕೆ ಕಾರಣ ಸರಳವಾಗಿದೆ. ಗುಬ್ಬಚ್ಚಿ ಸಾಮಾನ್ಯವಾಗಿ ಸಂದುಗೊಂದುಗಳಲ್ಲಿ ಗೂಡು ಮಾಡುವ ಹಕ್ಕಿ. ಕಸಬಾ, ಶನಿವಾರ, ನಾರಾಯಣ ಪೇಠೆಗಳ ಹಳೆಯ ವಾಡೆಗಳಲ್ಲಿ ಮರದ ತೊಲೆ, ಇಟ್ಟಿಗೆಯ ಗೋಡೆ, ಹೆಂಚಿನ ಸೂರುಗಳ ನಡುವೆ ಅದಕ್ಕೆ ಬೇಕಾದಷ್ಟು ಎಡೆಯಿತ್ತು. 1961ರ ಪಾನಶೇತ್ ಪ್ರವಾಹದಲ್ಲಿ ನದಿ ದಂಡೆಯ ಅನೇಕ ವಾಡೆಗಳು ಕುಸಿದವು. ಆ ಬಳಿಕ ಉಳಿದವುಗಳಲ್ಲಿಯೂ ಎಷ್ಟೋ ವಾಡೆಗಳ ಜಾಗದಲ್ಲಿ ಕಾಂಕ್ರೀಟಿನ ಕಟ್ಟಡಗಳೆದ್ದವು. ನಾವು ವಾಸಿಸುವ ಈ ಮನೆಗಳ ನುಣುಪು ಗೋಡೆಗಳಲ್ಲಿ ಒಂದು ಬಿರುಕೂ ಇಲ್ಲ. ದೇಶದ ಒಟ್ಟು ಲೆಕ್ಕದಲ್ಲಿ ಗುಬ್ಬಚ್ಚಿಯ ಸಂಖ್ಯೆ ಹೆಚ್ಚುಕಡಿಮೆ ಸ್ಥಿರವಾಗಿದ್ದರೂ ಮಹಾನಗರಗಳಲ್ಲಿ ಅದು ಇಳಿಯುತ್ತಿದೆಯೆಂದು ಭಾರತದ ಪಕ್ಷಿಗಳ ಸ್ಥಿತಿಗತಿ ಕುರಿತ 2020ರ ವರದಿ ತಿಳಿಸಿತು. ನಮ್ಮ ನೆರೆಯ ನಾಸಿಕದ ಮೊಹಮ್ಮದ್ ದಿಲಾವರ್ ಅವರ ನೇಚರ್ ಫಾರೆವರ್ ಸೊಸೈಟಿಯ ಪ್ರಯತ್ನದಿಂದ 2010ರಿಂದ ಮಾರ್ಚ್ 20ನ್ನು ವಿಶ್ವ ಗುಬ್ಬಚ್ಚಿ ದಿನವಾಗಿ ಆಚರಿಸಲಾಗುತ್ತಿದೆ.

ಮರದ ಗೂಡೆಂದರೆ, ಕಳೆದುಹೋದ ಆ ಸಂದನ್ನು ಮರಳಿ ಒದಗಿಸುವ ಪೆಟ್ಟಿಗೆ. ಅದು ಅಲಂಕಾರದ ವಸ್ತುವಲ್ಲ. ಕತ್ತಲು, ಒಣ ನೆಲ, ಶತ್ರುವಿನಿಂದ ರಕ್ಷಣೆ, ಈ ಮೂರಿದ್ದರೆ ಸಾಕು. ಇವು ಇಲ್ಲದ ಚೆಂದದ ಗೂಡು ಮರಿಗಳ ಪ್ರಾಣಕ್ಕೇ ಎರವಾಗಬಹುದು. ತಗಡಿನ ಗೂಡು ಏಪ್ರಿಲ್ ಬಿಸಿಲಿಗೆ ಒಲೆಯಂತೆ ಕಾಯುತ್ತದೆ.

ಬೇಕಾಗುವ ಸಾಮಗ್ರಿ

ಮುಕ್ಕಾಲು ಅಂಗುಲ ದಪ್ಪ, 6 ಅಂಗುಲ ಅಗಲ, ನಾಲ್ಕೂವರೆ ಅಡಿ ಉದ್ದದ ಒಂದು ಹಲಗೆ. ಛಾವಣಿಗೆ 8 ಅಂಗುಲ ಅಗಲ, 9 ಅಂಗುಲ ಉದ್ದದ ಇನ್ನೊಂದು ತುಂಡು. ಭವಾನಿ ಪೇಠೆಯ ಟಿಂಬರ್ ಮಾರ್ಕೆಟ್‌ನಲ್ಲಿ ಸಿಗುವ ಪೈನ್ ಮರದ ತುಂಡುಗಳು ಸಾಕು. ಸಾಧಾರಣ ಪ್ಲೈವುಡ್ ಬೇಡ. ಮಳೆಗಾಲದಲ್ಲಿ ಪದರ ಬಿಡುತ್ತದೆ. ಗರಗಸ, ಡ್ರಿಲ್, ಸ್ಕ್ರೂಗಳು ಮತ್ತು ಅಳತೆಯ ಟೇಪು ಇದ್ದರೆ ರಜಾದಿನದ ಬೆಳಗಿನಲ್ಲಿ ಮುಗಿಯುವ ಕೆಲಸವಿದು.

ಮಾಡುವ ಕ್ರಮ

1. ಹಲಗೆಯನ್ನು ಹೀಗೆ ಕತ್ತರಿಸಿರಿ: ಹಿಂಬದಿಗೆ 14 ಅಂಗುಲ, ಮುಂಬದಿಗೆ ಎಂಟೂಮುಕ್ಕಾಲು ಅಂಗುಲ, ಎರಡು ಪಕ್ಕಗಳಿಗೆ ತಲಾ 10 ಅಂಗುಲ, ತಳಕ್ಕೆ ನಾಲ್ಕೂವರೆ ಅಂಗುಲ. ಪಕ್ಕದ ಹಲಗೆಗಳ ಮುಂಭಾಗದ ಅಂಚು 9 ಅಂಗುಲವಾಗುವಂತೆ ಮೇಲ್ತುದಿಯನ್ನು ಓರೆಯಾಗಿ ಕೊಯ್ದರೆ ನೀರು ಜಾರುವ ಛಾವಣಿ ದೊರೆಯುತ್ತದೆ.

2. ಮುಂಬದಿಯ ಹಲಗೆಯಲ್ಲಿ, ಬುಡದಿಂದ ಆರೂವರೆ ಅಂಗುಲ ಎತ್ತರದಲ್ಲಿ, 32 ಮಿಲಿಮೀಟರ್ ವ್ಯಾಸದ ರಂಧ್ರ ಕೊರೆಯಿರಿ. ಗುಬ್ಬಚ್ಚಿಗೆ ಇಷ್ಟು ಸಾಕು. ಮೈನಾ ಇದರಲ್ಲಿ ನುಗ್ಗಲಾರದು. ರಂಧ್ರದ ಕೆಳಗೆ ಕೂರಲು ಕಡ್ಡಿ ಇಡಬೇಡಿರಿ. ಗುಬ್ಬಿಗೆ ಅದು ಬೇಡ, ಕಾಗೆಗೆ ಅನುಕೂಲವಾದೀತು.

3. ಮುಂಬದಿಯ ಒಳಮೈಯನ್ನು ನುಣುಪು ಮಾಡದೆ, ಅಡ್ಡಗೀರುಗಳನ್ನು ಕೊರೆಯಿರಿ. ಮರಿಗಳು ಅವುಗಳನ್ನು ಹಿಡಿದು ಮೇಲೇರುತ್ತವೆ.

4. ತಳದಲ್ಲಿ ನೀರು ಬಸಿಯಲು ನಾಲ್ಕು ಸಣ್ಣ ತೂತುಗಳಿರಲಿ. ತಳವನ್ನು ಎರಡು ಪಕ್ಕಗಳ ನಡುವೆ ಇಟ್ಟು ಪಕ್ಕಗಳಿಂದ ಮಾತ್ರ ಸ್ಕ್ರೂ ಹಾಕಿರಿ, ಅಂಟು ಬೇಡ. ಮುಂದೆ ಸ್ವಚ್ಛಗೊಳಿಸಲು ತಳವನ್ನು ಬಿಚ್ಚಬೇಕಾಗುತ್ತದೆ.

5. ಹಿಂಬದಿಯ ಹಲಗೆ ಮೇಲೂ ಕೆಳಗೂ ಎರಡೆರಡು ಅಂಗುಲ ಹೊರಚಾಚಿರಲಿ. ಗೋಡೆಗೆ ಬಿಗಿಯಲು ಅದೇ ಆಧಾರ. ಬಳಿಕ ಮುಂಬದಿಯನ್ನು ಬುಡಕ್ಕೆ ಸಮವಾಗಿ ಪಕ್ಕಗಳಿಗೆ ಜೋಡಿಸಿ, ಕೊನೆಯಲ್ಲಿ ಛಾವಣಿ ಹಾಕಿರಿ. ಮುಂಬದಿಯ ಮೇಲೆ ಉಳಿಯುವ ಕಿರುಸಂದಿನಿಂದ ಗಾಳಿಯಾಡುತ್ತದೆ. ಒಳಗೆ ಬಣ್ಣ, ವಾರ್ನಿಷ್ ಬಳಿಯಬಾರದು.

ಎಲ್ಲಿ ತೂಗುಹಾಕಬೇಕು?

ತೂಗುಹಾಕುವುದೇ ಬೇಡ, ಅಲುಗಾಡದಂತೆ ಗೋಡೆಗೆ ಬಿಗಿಯಬೇಕು. ನೆಲದಿಂದ 8-10 ಅಡಿ ಎತ್ತರ, ಸಜ್ಜೆಯ ನೆರಳು, ಬೆಕ್ಕು ಹತ್ತದ ಜಾಗ ಇರಲಿ. ಪುಣೆಯ ಮಳೆ ನೈಋತ್ಯದ ಗಾಳಿಯೊಡನೆ ಬರುವುದರಿಂದಲೂ ಪಡುವಣ ಬಿಸಿಲು ಕಟುವಾದುದರಿಂದಲೂ ರಂಧ್ರ ಪೂರ್ವಕ್ಕೋ ಉತ್ತರಕ್ಕೋ ಮುಖ ಮಾಡಿರುವುದು ಲೇಸು. ಕಟ್ಟಡದ ಹೊರಗೋಡೆಯಾದರೆ ಸೊಸೈಟಿಯ ಒಪ್ಪಿಗೆ ಪಡೆಯಿರಿ. ಗುಬ್ಬಿಗಳು ಗುಂಪಿನಲ್ಲಿ ಬಾಳುವುದರಿಂದ ನೆರೆಹೊರೆಯವರು ಸೇರಿ ಎರಡು-ಮೂರು ಗೂಡುಗಳನ್ನಿಟ್ಟರೆ ಇನ್ನೂ ಒಳ್ಳೆಯದು.

ಹಕ್ಕಿ ಮರುದಿನವೇ ಬಂದೀತೆಂದು ನಿರೀಕ್ಷಿಸಬಾರದು, ತಿಂಗಳುಗಳೇ ಹಿಡಿಯಬಹುದು. ಒಳಗೆ ಹುಲ್ಲು ತುಂಬಿಸುವ ಅಗತ್ಯವಿಲ್ಲ, ಅದನ್ನು ಹಕ್ಕಿಯೇ ತರುತ್ತದೆ. ಮೊಟ್ಟೆಯಿಟ್ಟ ಬಳಿಕ ಸುಮಾರು ಎರಡು ವಾರ ಕಾವು, ಇನ್ನೆರಡು ವಾರ ಮರಿಗಳ ಪೋಷಣೆ. ಆ ಅವಧಿಯಲ್ಲಿ ಗೂಡನ್ನು ಇಣುಕಿ ನೋಡುವುದು, ಫೋಟೋ ತೆಗೆಯುವುದು ಬೇಡ. ಮರಿಗಳು ಹಾರಿಹೋದ ಮೇಲೆ ತಳ ಬಿಚ್ಚಿ ಹಳೆಯ ಹುಲ್ಲನ್ನು ತೆಗೆದುಬಿಡಿರಿ.

ಒಂದು ಮಾತು ಬಾಕಿಯಿದೆ. ದೊಡ್ಡ ಗುಬ್ಬಿ ಸಜ್ಜೆ, ನುಚ್ಚಕ್ಕಿ ತಿಂದು ಬದುಕೀತು. ಮರಿಗಳಿಗೆ ಬೇಕಾದದ್ದು ಹುಳುಹುಪ್ಪಟೆ. ಗೂಡಿಟ್ಟು, ಅದರ ಕೆಳಗಿನ ಕುಂಡಗಳಿಗೆ ಕೀಟನಾಶಕ ಸಿಂಪಡಿಸಿದರೆ ಮನೆ ಕೊಟ್ಟು ಅನ್ನ ಕಸಿದಂತೆ. ನಾಲ್ಕು ದಾಸವಾಳ, ತುಳಸಿ, ಕರಿಬೇವಿನ ಗಿಡಗಳನ್ನು ವಿಷವಿಲ್ಲದೆ ಬೆಳೆಸಿ, ಪಕ್ಕದಲ್ಲೊಂದು ಮಣ್ಣಿನ ಬಟ್ಟಲಿನಲ್ಲಿ ನೀರಿಡೋಣ. ಆಗ ನಾವು ಮಾಡಿದ ಪೆಟ್ಟಿಗೆ ಗುಬ್ಬಿಯ ಪಾಲಿಗೆ ನಿಜವಾದ ಮನೆಯಾಗುತ್ತದೆ.